ಭಾನುವಾರ ರಾತ್ರಿಯ ಹೊಟ್ಟೆನೋವು

ಭಾನುವಾರ ರಾತ್ರಿ ಎಂಟೂವರೆ. ಮುಹೈಸ್ನಾ 4ರ ನಮ್ಮ ಫ್ಲ್ಯಾಟಿನಲ್ಲಿ ಒಂದು ಕಡೆ ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ. ಇನ್ನೊಂದು ಕಡೆ, ನಾಳೆಯ ಚಿತ್ರಾನ್ನಕ್ಕೆ ನಿಂಬೆಹಣ್ಣು ಉಳಿದಿದೆಯೋ ಇಲ್ಲವೋ ಎಂದು ನಾನು ಫ್ರಿಜ್ ತಡಕುತ್ತಿದ್ದೇನೆ. ಆಗ ಒಳಗಿನ ಕೋಣೆಯಿಂದ ಸಣ್ಣ ದನಿ: "ಅಮ್ಮಾ, ಹೊಟ್ಟೆ ನೋವು."

ಕಳೆದ ವರ್ಷ ಸುಮಾರು ಎರಡು ತಿಂಗಳು ನಮ್ಮ ಮನೆಯ ಭಾನುವಾರ ರಾತ್ರಿಗಳು ಹೀಗೇ ಇದ್ದವು. ಮಗನಿಗೆ ಆಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಹೊಕ್ಕುಳ ಸುತ್ತ ಕೈ ಇಟ್ಟುಕೊಂಡು ಮಗ್ಗಲು ತಿರುಗಿ ಮಲಗುತ್ತಿದ್ದ. ಬೆಳಿಗ್ಗೆ ಆರೂವರೆಗೆ ಸ್ಕೂಲ್ ಬಸ್ಸು ಬರುವ ಹೊತ್ತಿಗೆ ಮುಖ ಬಾಡಿರುತ್ತಿತ್ತು. ಎರಡು ಸಲ ಬಸ್ಸಿನ ಹತ್ತಿರ ಹೋಗಿ ವಾಂತಿಯನ್ನೂ ಮಾಡಿಕೊಂಡ. ಶುಕ್ರವಾರ ಮಧ್ಯಾಹ್ನ ಬಸ್ಸಿಳಿದು ಬಂದವನು ಎರಡು ದೋಸೆ ಹೆಚ್ಚಿಗೆ ತಿನ್ನುತ್ತಿದ್ದ. ಶನಿವಾರ ಪೂರ್ತಿ ಪಾರ್ಕಿನಲ್ಲಿ ಸೈಕಲ್. ಭಾನುವಾರ ಸಂಜೆಯಾದರೆ ಮತ್ತೆ ಶುರು.

ನಾನು ವೃತ್ತಿಯಿಂದ ಸಂಶೋಧಕಿ. ದತ್ತಾಂಶದಲ್ಲಿ ಮಾದರಿ ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ನನ್ನ ಕಣ್ಣೆದುರಿನ ಈ ವಾರದ ಲೆಕ್ಕ ನನಗೆ ಹೊಳೆಯಲಿಲ್ಲ. ಹೊಳೆದದ್ದು ಒಬ್ಬ ಮಕ್ಕಳ ವೈದ್ಯೆಗೆ, ಅದೂ ಹತ್ತೇ ನಿಮಿಷದಲ್ಲಿ. ಆ ಹತ್ತು ನಿಮಿಷದಲ್ಲಿ ಅವರು ಏನು ಮಾಡಿದರು, ಅದನ್ನು ಎಲ್ಲ ಮಕ್ಕಳ ವೈದ್ಯರೂ ಕಲಿಯಬಹುದೇ, ಪಾಲಕರಾಗಿ ನಾವು ಅದಕ್ಕೆ ಹೇಗೆ ಜಾಗ ಮಾಡಿಕೊಡಬೇಕು? ಈ ಸಲದ ಅಂಕಣ ಅದರ ಬಗ್ಗೆ.

ಮೊದಲು ಆದದ್ದನ್ನು ಹೇಳಿಬಿಡುತ್ತೇನೆ. ಹೊಸಪೇಟೆಯಲ್ಲಿರುವ ನನ್ನ ಅಮ್ಮ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನ ಮುಖ ನೋಡಿ, "ದೃಷ್ಟಿ ಆಗೈತಿ ನೋಡು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕು. ಓಂಕಾಳಿನ ನೀರು ಕುಡಿಸು" ಎಂದರು. ಎರಡನ್ನೂ ಮಾಡಿದೆ. ಓಂಕಾಳು ಒಂದು ರಾತ್ರಿಗೆ ಕೆಲಸ ಮಾಡಿತು. ಆಮೇಲೆ ಒಂದು ಕ್ಲಿನಿಕ್ಕಿಗೆ ಹೋದೆವು. ವೈದ್ಯರು ಹೊಟ್ಟೆ ಒತ್ತಿ ನೋಡಿದರು, ಆಮ್ಲ ಕಡಿಮೆ ಮಾಡುವ ಔಷಧಿ ಬರೆದರು. ಎರಡು ವಾರದ ನಂತರ ರಕ್ತ, ಮೂತ್ರ, ಮಲ ಪರೀಕ್ಷೆ. ಅದಾದ ಮೇಲೆ ಹೊಟ್ಟೆಯ ಸ್ಕ್ಯಾನ್. ಇನ್ಶೂರೆನ್ಸ್ ಒಪ್ಪಿಗೆಗಾಗಿ ಕಾದದ್ದು ಬೇರೆ. ಎಲ್ಲವೂ ನಾರ್ಮಲ್. "ಏನೂ ಇಲ್ಲ ಮೇಡಂ, ಹುಡುಗ ಚೆನ್ನಾಗಿದ್ದಾನೆ" ಎಂದರು. ಮೂರು ಭೇಟಿಗಳಲ್ಲಿ ಅವರು ಮಗನನ್ನು ನೇರವಾಗಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ನೋವು?" ಅದಕ್ಕೂ ಉತ್ತರ ಕೊಟ್ಟದ್ದು ನಾನೇ.

ಮನೆಗೆ ಬಂದು ನಾನು ಮಗನಿಗೆ ಹೇಳಿದ ಮಾತು ನೆನಪಿದೆ. "ಡಾಕ್ಟರ್ ಹೇಳಿದ್ರಲ್ಲ, ಏನೂ ಇಲ್ಲವಂತೆ. ನಾಳೆ ನಾಟಕ ಮಾಡದೆ ಹೋಗು." ಅವನು ಏನೂ ಮಾತಾಡಲಿಲ್ಲ. ರಾತ್ರಿ ದಿಂಬು ಒದ್ದೆಯಾಗಿತ್ತು.

ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಇನ್ನೊಬ್ಬ ಮಕ್ಕಳ ವೈದ್ಯೆಯ ಬಳಿಗೆ ಹೋದೆವು. ಕೇರಳದವರು. ನನ್ನ ಜೊತೆ ಹಿಂದಿ, ಮಗನ ಜೊತೆ ಇಂಗ್ಲಿಷ್. ರಿಪೋರ್ಟುಗಳ ಕಟ್ಟನ್ನು ತಿರುವಿ ಹಾಕಿ ಪಕ್ಕಕ್ಕಿಟ್ಟರು. ಕುರ್ಚಿಯನ್ನು ಮಗನ ಕಡೆಗೆ ತಿರುಗಿಸಿಕೊಂಡು, "ಹೊಟ್ಟೆ ನೋವು ನಿನ್ನದು, ಕಥೆ ಅಮ್ಮನಿಗಿಂತ ನಿನಗೇ ಚೆನ್ನಾಗಿ ಗೊತ್ತು. ನೀನೇ ಹೇಳು" ಎಂದರು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ಅವರು ಕೈ ಎತ್ತಿ ನಗುತ್ತಾ, "ಅಮ್ಮನ ಸರದಿ ಆಮೇಲೆ" ಎಂದರು.

ನೋವು ಯಾವ ದಿನ ಬರುವುದಿಲ್ಲ ಎಂದು ಕೇಳಿದರು. ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಗ ಬೆರಳು ಮಡಿಚಿ ಎಣಿಸಿ, "ಸ್ಯಾಟರ್ಡೇ" ಅಂದ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ತೂಕ ಇಳಿದಿದೆಯೇ, ಜ್ವರ ಇದೆಯೇ, ಮಲದಲ್ಲಿ ರಕ್ತ ಇದೆಯೇ ಎಂದು ನನ್ನನ್ನು ವಿಚಾರಿಸಿಕೊಂಡರು. ಮತ್ತೆ ಹೊಟ್ಟೆ ಪರೀಕ್ಷಿಸಿದರು, ಎತ್ತರ ತೂಕ ನೋಡಿದರು. ಆಮೇಲೆ, "ನಾನು ನಿಮ್ಮ ಮಗನ ಜೊತೆ ಐದು ನಿಮಿಷ ಮಾತಾಡಬಹುದೇ? ನರ್ಸ್ ಇಲ್ಲೇ ಇರುತ್ತಾರೆ. ನೀವು ಹೊರಗೆ ಕೂತಿರಿ" ಎಂದರು. ಮಗನಿಗೂ ಕೇಳಿದರು. ಅವನು ತಲೆಯಾಡಿಸಿದ. ಹೊರಗೆ ಹೋಗುವ ಮುನ್ನ ಅವನಿಗೆ ಅವರು ಹೇಳಿದ್ದು ನನ್ನ ಕಿವಿಗೂ ಬಿತ್ತು: "ನೀನು ಹೇಳಿದ್ದನ್ನು ನಿನ್ನ ಒಪ್ಪಿಗೆ ಇಲ್ಲದೆ ಅಮ್ಮನಿಗೆ ಹೇಳಲ್ಲ. ನಿನಗೆ ಅಪಾಯ ಆಗುವಂಥದ್ದು ಏನಾದ್ರೂ ಇದ್ದರೆ ಮಾತ್ರ ಹೇಳಲೇಬೇಕಾಗತ್ತೆ."

ಕಾರಿಡಾರಿನ ಬೆಂಚಿನ ಮೇಲೆ ಕೂತ ನನಗೆ ಆ ಐದು ನಿಮಿಷ ಪಿಎಚ್‌ಡಿ ಮೌಖಿಕ ಪರೀಕ್ಷೆಯ ದಿನಕ್ಕಿಂತ ಉದ್ದವಾಗಿತ್ತು. ನನಗೆ ಹೇಳದ್ದನ್ನು ಇವನು ಯಾರಿಗೋ ಏನು ಹೇಳುತ್ತಿರಬಹುದು? ಭಯ ಆಯಿತು. ಸ್ವಲ್ಪ ಅವಮಾನವೂ ಆಯಿತು, ಸುಳ್ಳು ಹೇಳುವುದಿಲ್ಲ.

ಮತ್ತೆ ಒಳಗೆ ಕರೆದಾಗ ಮಗ ಒಪ್ಪಿಗೆ ಕೊಟ್ಟಿದ್ದ. ಹೇಳಿದ್ದು ವೈದ್ಯೆ ಅಲ್ಲ, ಅವನೇ. ಅವನ ಪಕ್ಕದ ಬೆಂಚಿನ ಗೆಳೆಯ ಟರ್ಮಿನ ಮಧ್ಯದಲ್ಲೇ ಊರಿಗೆ ಹೋಗಿಬಿಟ್ಟಿದ್ದ. ಆ ಹುಡುಗನ ಅಪ್ಪನ ಕೆಲಸ ಹೋಗಿತ್ತು. ಸ್ಕೂಲಿಂದ ಮನೆಗೆ ಹೋದಾಗ ಪೆಟ್ಟಿಗೆಗಳು ಪ್ಯಾಕ್ ಆಗಿದ್ದವಂತೆ. ಅದಾದ ವಾರದಲ್ಲೇ ನಮ್ಮ ಮನೆಯಲ್ಲಿ ಒಂದು ರಾತ್ರಿ ನಾನು ಮತ್ತು ನನ್ನ ಗಂಡ, ಮಗ ಮಲಗಿದ್ದಾನೆಂದುಕೊಂಡು ಮಾತಾಡಿದ್ದೆವು. ಅವರ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ಮಗನ ವೀಸಾ ಅಪ್ಪನ ವೀಸಾದ ಮೇಲಿದೆ. "ಕ್ಯಾನ್ಸಲ್ ಆದರೆ ಏನು ಮಾಡೋದು" ಎಂಬ ಮಾತು ಗೋಡೆ ದಾಟಿ ಅವನ ಕಿವಿಗೆ ಹೋಗಿತ್ತು. ಅಂದಿನಿಂದ ಪ್ರತಿ ಸೋಮವಾರ ಬಸ್ಸು ಹತ್ತುವಾಗ ಅವನ ತಲೆಯಲ್ಲಿ ಒಂದೇ ಲೆಕ್ಕ: ಸಂಜೆ ಬಂದಾಗ ಮನೆ ಪ್ಯಾಕ್ ಆಗಿರುತ್ತದೆಯೇ? ಶನಿವಾರ ನಾವೆಲ್ಲ ಅವನ ಕಣ್ಣೆದುರಿಗೇ ಇರುತ್ತೇವೆ. ಶನಿವಾರ ಹೊಟ್ಟೆ ನೋಯುವುದಿಲ್ಲ.

ಈ ದೇಶದಲ್ಲಿರುವ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಮಾತು ನಡೆದಿಲ್ಲ ಹೇಳಿ?

ವೈದ್ಯೆ ಹೇಳಿದ ಸಮಾಧಾನ ಸರಳವಾಗಿತ್ತು. "ನೋವು ನಿಜವಾದದ್ದೇ. ನಿನ್ನ ಹೊಟ್ಟೆಗೆ ರೋಗ ಇಲ್ಲ. ಹೊಟ್ಟೆ ಮತ್ತು ತಲೆ ಒಂದಕ್ಕೊಂದು ಫೋನ್ ಮಾಡ್ತಾ ಇರ್ತವೆ. ನಿನ್ನ ತಲೆಗೆ ಚಿಂತೆ ಆದಾಗ ಹೊಟ್ಟೆಯ ಅಲಾರಂ ಜೋರಾಗಿ ಹೊಡೀತಿದೆ. ಅದನ್ನು ಕಡಿಮೆ ಮಾಡೋಣ." ಔಷಧಿ ನಿಲ್ಲಿಸಿದರು. ಶಾಲೆ ತಪ್ಪಿಸಬೇಡಿ ಎಂದರು. ಎರಡು ವಾರದ ನಂತರ ಬರಲು ದಿನಾಂಕ ಕೊಟ್ಟರು. ನಮಗೆ ಹೇಳಿದ್ದು: "ಕೆಲಸದ ಬಗ್ಗೆ ಅವನ ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. ಬದಲಾವಣೆ ಬಂದರೆ ಮೊದಲು ನಿನಗೇ ಹೇಳ್ತೇವೆ ಅಂತ ಮಾತು ಕೊಡಿ."

ಇದು ನಮ್ಮೊಬ್ಬರ ಕಥೆಯಲ್ಲ ಎಂದು ಆಮೇಲೆ ಓದಿದಾಗ ತಿಳಿಯಿತು. 1958ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆ್ಯಪ್ಲಿ ಮತ್ತು ಅವರ ಸಹೋದ್ಯೋಗಿ ನೋರಾ ನೇಯ್ಶ್ ಒಂದು ಸಾವಿರ ಶಾಲಾ ಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿದರು. ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಸಲ, ಆಟ ಪಾಠ ನಿಲ್ಲಿಸುವಷ್ಟು ಹೊಟ್ಟೆನೋವು ಬಂದ ಮಕ್ಕಳೆಷ್ಟು ಎಂದು ಲೆಕ್ಕ ಹಾಕಿದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹಾಗಾಗಿತ್ತು. ಇಂಥ ಮಕ್ಕಳಲ್ಲಿ ಹೊಟ್ಟೆಯ ರೋಗ ಕಾಣಿಸಿದ್ದು ಕೆಲವರಲ್ಲಿ ಮಾತ್ರ. ನೋವು ಹೊಕ್ಕುಳಿನಿಂದ ಎಷ್ಟು ದೂರವೋ, ಅಂಗದ ರೋಗವಿರುವ ಸಾಧ್ಯತೆ ಅಷ್ಟು ಹೆಚ್ಚು ಎಂಬ ಆ್ಯಪ್ಲಿಯವರ ಮಾತನ್ನು ಮಕ್ಕಳ ವೈದ್ಯರು ಇಂದಿಗೂ ನೆನೆಯುತ್ತಾರೆ. ಇದು ಪೂರ್ತಿ ನಂಬಿ ಕೂರುವ ಸೂತ್ರವಲ್ಲ. ಅಪೆಂಡಿಕ್ಸ್ ನೋವು ಕೂಡ ಹೊಕ್ಕುಳ ಸುತ್ತವೇ ಶುರುವಾಗಬಹುದು. ಅದಕ್ಕೇ ಮೊದಲು ದೇಹದ ಪರೀಕ್ಷೆ ಆಗಲೇಬೇಕು.

ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಬಲೆಯೇ ಇದೆ. ಅದಕ್ಕೂ ಮೆದುಳಿಗೂ ಎರಡೂ ದಿಕ್ಕಿನ ಸಂಪರ್ಕವಿದೆ. ಆತಂಕವಾದಾಗ ಕರುಳಿನ ಚಲನೆ ಬದಲಾಗುತ್ತದೆ, ಸಾಮಾನ್ಯ ಹಿಗ್ಗುವಿಕೆಯೂ ನೋವಾಗಿ ತಿಳಿಯುತ್ತದೆ. ಮಗು ನಾಟಕ ಮಾಡುತ್ತಿಲ್ಲ. ಇದು ನಮ್ಮ ಭಾಷೆಗೆ ಮೊದಲಿಂದಲೂ ಗೊತ್ತು. ‘ಸಂಕಟ’ ಎಂದರೆ ವಾಕರಿಕೆಯೂ ಹೌದು, ದುಃಖವೂ ಹೌದು. ಬೇರೆಯವರ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ, ಮಗು ಅತ್ತರೆ ಕರುಳು ಚುರುಕ್ಕೆನ್ನುತ್ತದೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಆದರೆ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ "ಟಮ್ಮಿ ಪೇನ್" ಎನ್ನುತ್ತಾರೆ. ಆ ಎರಡು ಪದದಲ್ಲಿ ಸಂಕಟದ ಅರ್ಧ ಭಾಗ ಮಾತ್ರ ಇದೆ.

ಇಷ್ಟಾದ ಮೇಲೆ ನನ್ನ ವೃತ್ತಿಯ ಚಟ ಎದ್ದಿತು. ಆ ವೈದ್ಯೆ ಮಾಡಿದ್ದು ಹುಟ್ಟುಗುಣವೇ, ಕಲಿತ ಕೌಶಲವೇ? ಇದಕ್ಕೆ ಒಂದು ಒಳ್ಳೆಯ ಪ್ರಯೋಗ ಇದೆ. ಅಮೆರಿಕದ ಲಾರೆನ್ಸ್ ವಿಸ್ಸೊ ಮತ್ತು ಅವರ ತಂಡ ಅದನ್ನು 2008ರಲ್ಲಿ ಪ್ರಕಟಿಸಿತು. ಮಕ್ಕಳನ್ನು ನೋಡುವ 58 ಪ್ರಾಥಮಿಕ ಚಿಕಿತ್ಸಕರಲ್ಲಿ 31 ಮಂದಿಗೆ ತರಬೇತಿ ಕೊಟ್ಟರು, ಉಳಿದ 27 ಮಂದಿಗೆ ಕೊಡಲಿಲ್ಲ. ತರಬೇತಿ ಎಂದರೆ ಒಂದೊಂದು ಗಂಟೆಯ ಮೂರು ಚರ್ಚೆಗಳು ಮಾತ್ರ. ಪ್ರತಿ ಚರ್ಚೆಯ ನಂತರ ರೋಗಿಯ ಪಾತ್ರ ವಹಿಸುವವರ ಜೊತೆ ಅಭ್ಯಾಸ. ಕಲಿಸಿದ್ದು ಯಾವುದೇ ಕಾಯಿಲೆಯ ಹೆಸರನ್ನಲ್ಲ. ಮಗುವಿನ ಮತ್ತು ಪಾಲಕರ ಚಿಂತೆಯನ್ನು ಹೇಗೆ ಹೊರತರುವುದು, ಅವರನ್ನು ಜೊತೆಗೆ ಹೇಗೆ ಕರೆದೊಯ್ಯುವುದು, ಇದು ಸರಿಹೋಗುತ್ತದೆ ಎಂಬ ಭರವಸೆ ಹೇಗೆ ಮೂಡಿಸುವುದು, ಇಷ್ಟೇ. ನಂತರ ಐದರಿಂದ ಹದಿನಾರು ವರ್ಷದ 418 ಮಕ್ಕಳನ್ನು ಆರು ತಿಂಗಳು ಗಮನಿಸಿದರು.

ಫಲಿತಾಂಶವನ್ನು ಇದ್ದ ಹಾಗೇ ಹೇಳುತ್ತೇನೆ. ಬಿಳಿಯ ಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಲ್ಲಿ, ರೋಗಲಕ್ಷಣಗಳು ಇನ್ನೊಂದು ಗುಂಪಿಗಿಂತ ಹೆಚ್ಚೇನೂ ಇಳಿಯದಿದ್ದರೂ, ದಿನನಿತ್ಯದ ಬದುಕಿಗೆ ಆಗುತ್ತಿದ್ದ ಅಡ್ಡಿ ಹೆಚ್ಚು ಕಡಿಮೆಯಾಯಿತು. ತರಬೇತಿ ಪಡೆದವರ ಬಳಿ ಹೋದ ಮಕ್ಕಳ ಪಾಲಕರ ಮಾನಸಿಕ ತೊಂದರೆಯೂ ಹೆಚ್ಚು ಇಳಿಯಿತು. ಮೂರು ಗಂಟೆಯ ಚರ್ಚೆಗೆ ಇದು ಸಣ್ಣ ಲಾಭವಲ್ಲ. ಲಾಭ ಕಂಡದ್ದು ಮುಖ್ಯವಾಗಿ ವೈದ್ಯರ ಕೋಣೆಯಲ್ಲಿ ಸುಲಭವಾಗಿ ಬಾಯಿಬಿಡಲಾಗದ ಕುಟುಂಬಗಳಿಗೆ ಎಂದು ನಾನು ಓದಿಕೊಂಡೆ. ಪರದೇಶದಲ್ಲಿರುವ ನಾವೂ ಹೆಚ್ಚು ಕಡಿಮೆ ಅಂಥವರೇ ಅಲ್ಲವೇ?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲೇ, ಮಾನಸಿಕ ಆರೋಗ್ಯದ ಕೌಶಲಗಳು ಪ್ರತಿ ಮಕ್ಕಳ ವೈದ್ಯರಿಗೂ ಬೇಕು ಎಂದು ನೀತಿಯಾಗಿ ಬರೆದುಕೊಂಡಿತು. 2019ರಲ್ಲಿ ಅದನ್ನು ಪರಿಷ್ಕರಿಸಿತು. ನೆನಪಿಗಾಗಿ ಇಂಗ್ಲಿಷಿನ ‘ಹೆಲ್ಪ್’ ಪದದ ಅಕ್ಷರಗಳಿಗೆ ಒಂದೊಂದು ಅರ್ಥ ಹೊಂದಿಸಿದ್ದಾರೆ: ಭರವಸೆ ಕೊಡುವುದು, ಅನುಭೂತಿಯಿಂದ ಕೇಳುವುದು, ಕುಟುಂಬದ್ದೇ ಮಾತಿನಲ್ಲಿ ಮಾತಾಡುವುದು, ಜೊತೆ ಬಿಡುವುದಿಲ್ಲ ಎಂದು ತೋರಿಸುವುದು, ಸೂಕ್ಷ್ಮ ಪ್ರಶ್ನೆಗೆ ಮುನ್ನ ಅನುಮತಿ ಕೇಳುವುದು, ಒಟ್ಟಾಗಿ ಕೆಲಸ ಮಾಡುವುದು, ಮುಂದಿನ ಹೆಜ್ಜೆಯನ್ನು ಗೊತ್ತುಮಾಡುವುದು. ಪಟ್ಟಿ ಓದುತ್ತಿದ್ದಂತೆ ನನಗೆ ಆ ತಿರುಗಿಸಿದ ಕುರ್ಚಿ, "ಐದು ನಿಮಿಷ ಮಾತಾಡಬಹುದೇ" ಎಂಬ ಮಾತು, ಎರಡು ವಾರದ ದಿನಾಂಕ, ಎಲ್ಲವೂ ನೆನಪಾದವು. ಅವರು ಎಲ್ಲೋ ಕಲಿತೇ ಬಂದಿದ್ದರು.

ಹದಿಹರೆಯದವರಿಗೆ ಇನ್ನೊಂದು ಸಾಧನವಿದೆ, ‘ಹೆಡ್ಸ್’ ಸಂದರ್ಶನ ಎನ್ನುತ್ತಾರೆ. 1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಎಂಬ ವೈದ್ಯರು ಬರೆದ ಲೇಖನದಿಂದ ಅದು ಎಲ್ಲೆಡೆ ಹರಡಿತು. ಮನೆಯಿಂದ ಶುರು ಮಾಡಿ ಓದು, ಹವ್ಯಾಸ, ಮಾದಕ ವಸ್ತು, ಲೈಂಗಿಕತೆ, ಆತ್ಮಹತ್ಯೆಯ ಯೋಚನೆ, ಹೀಗೆ ಸುಲಭದಿಂದ ಕಷ್ಟದ ಪ್ರಶ್ನೆಗೆ ಹೋಗುವ ಕ್ರಮ ಅದು. ಕೊನೆಯ ಪ್ರಶ್ನೆ ಕೇಳಿ ನಾವು ಬೆಚ್ಚುತ್ತೇವೆ. ಕೇಳಿದರೆ ಮಗುವಿನ ತಲೆಗೆ ಇಲ್ಲದ ಯೋಚನೆ ಹೊಗುತ್ತದೆ ಎಂಬ ಭಯ. ಸಂಶೋಧನೆಗಳು ಈ ಭಯವನ್ನು ಸಮರ್ಥಿಸುವುದಿಲ್ಲ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ.

ಇದೆಲ್ಲ ಹೊರದೇಶದ ಮಾತು ಎಂದುಕೊಳ್ಳಬೇಡಿ. ನನ್ನ ಊರಿನ ಕಡೆಯೇ ಇದರ ದೊಡ್ಡ ಪಾಠ ಇದೆ, ನನಗೆ ಗೊತ್ತಾದದ್ದು ತಡವಾಗಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1970ರ ದಶಕದಲ್ಲಿ ಸಕಲವಾರ ಎಂಬಲ್ಲಿ ಕೇಂದ್ರ ಮಾಡಿಕೊಂಡು, ಹಳ್ಳಿಯ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಬಹುದೇ ಎಂದು ನೋಡಿದರು. 1985ರಲ್ಲಿ ಆ ಕೆಲಸವನ್ನು ಇಡೀ ಬಳ್ಳಾರಿ ಜಿಲ್ಲೆಗೆ ಒಯ್ದರು. ನಮ್ಮ ಹೊಸಪೇಟೆ ಆಗ ಅದೇ ಜಿಲ್ಲೆಯಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಿರು ತರಬೇತಿ ಕೊಟ್ಟು, ಔಷಧಿ ಅಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದಾಗ ಮಾದರಿಯಾದದ್ದು ಬಳ್ಳಾರಿ. ಅಲ್ಲಿ ಹೆಚ್ಚಿನ ಗಮನ ತೀವ್ರ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗದ ಕಡೆಗಿತ್ತು, ಮಕ್ಕಳ ಆತಂಕದ ಕಡೆಗಲ್ಲ. ಆದರೆ ತತ್ವ ಒಂದೇ: ಜನ ಈಗಾಗಲೇ ಯಾವ ವೈದ್ಯರ ಬಳಿ ಹೋಗುತ್ತಾರೋ, ಅವರಿಗೇ ಕಲಿಸು.

ಮಕ್ಕಳ ಮಟ್ಟಿಗೆ ಅದೇಕೆ ಬೇಕು ಎಂಬುದಕ್ಕೆ ಬೆಂಗಳೂರಿನದೇ ಲೆಕ್ಕವಿದೆ. ನಿಮ್ಹಾನ್ಸ್‌ನ ಡಾ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರು ನಗರ, ಕೊಳೆಗೇರಿ ಮತ್ತು ಗ್ರಾಮಾಂತರದ ಹದಿನಾರು ವರ್ಷದೊಳಗಿನ 2,064 ಮಕ್ಕಳ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. ಶೇ. 12.5ರಷ್ಟು, ಅಂದರೆ ಎಂಟರಲ್ಲಿ ಒಂದು ಮಗುವಿಗೆ, ಯಾವುದಾದರೂ ಮಾನಸಿಕ ಅಥವಾ ನಡವಳಿಕೆಯ ತೊಂದರೆ ಇತ್ತು. ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಇನ್ನೊಂದು. ತೊಂದರೆ ಇದೆ ಎಂದು ಮನೆಯವರಿಗೇ ಅನ್ನಿಸಿದ್ದು ಶೇ. 37.5ರಷ್ಟು ಕುಟುಂಬಗಳಲ್ಲಿ ಮಾತ್ರ. ಉಳಿದವರಿಗೆ ಗೊತ್ತೇ ಇರಲಿಲ್ಲ, ನನ್ನ ಹಾಗೆ. ಗೊತ್ತಿಲ್ಲದವರು ಮನೋವೈದ್ಯರ ಬಳಿ ಹೋಗುವುದಿಲ್ಲ. ಹೊಟ್ಟೆನೋವು, ತಲೆನೋವು, ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ ಎಂದು ಮಕ್ಕಳ ವೈದ್ಯರ ಬಳಿಗೇ ಹೋಗುತ್ತಾರೆ. ಆ ಬಾಗಿಲಲ್ಲಿ ಯಾರಾದರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳದಿದ್ದರೆ ಮಗು ಔಷಧಿ ಚೀಟಿ ಹಿಡಿದು ವಾಪಸ್ಸು ಬರುತ್ತದೆ.

ಹಾಗಾದರೆ ಎಲ್ಲ ವೈದ್ಯರೂ ಏಕೆ ಕೇಳುವುದಿಲ್ಲ? ವೈದ್ಯೆಯಾಗಿರುವ ನನ್ನ ಗೆಳತಿಯನ್ನು ಕೇಳಿದೆ. "ನಮ್ಮ ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಪರೀಕ್ಷೆಯೇ ಇರಲಿಲ್ಲ ಕಣೇ. ಎರಡು ವಾರದ ಪೋಸ್ಟಿಂಗ್ ಮುಗಿಸಿದ್ರೆ ಆಯ್ತು. ಈಗ ಹೊರಗೆ ಹನ್ನೆರಡು ಮಕ್ಕಳು ಕಾಯ್ತಿರ್ತಾರೆ. ‘ಮನೇಲಿ ಹೇಗಿದೆ’ ಅಂತ ಕೇಳಿಬಿಟ್ರೆ, ಅಲ್ಲಿಂದ ಹೊರಬಂದದ್ದನ್ನು ಏನು ಮಾಡ್ಲಿ ಅನ್ನೋ ಭಯ" ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ಅಷ್ಟೇ ಅಲ್ಲ, ಅಪ್ಪ ಅಮ್ಮಂದಿರಿಗೆ ಸ್ಕ್ಯಾನ್ ಬರೆದುಕೊಟ್ರೆ ಖುಷಿ. ‘ಚಿಂತೆ ಇರಬಹುದಾ’ ಅಂದ್ರೆ, ನಮ್ಮ ಮಗೂನ ಹುಚ್ಚ ಅಂತೀರಾ ಅಂತ ಎದ್ದು ಹೋಗ್ತಾರೆ."

ಅದು ನನಗೆ ತಾಗಿತು. ಮೊದಲ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಬೇಕೆಂದು ಒತ್ತಾಯಿಸಿದವಳು ನಾನೇ.

ಆದ್ದರಿಂದ, ಮುಂದಿನ ಸಲ ನೀವು ಮಗುವನ್ನು ಕರೆದುಕೊಂಡು ಹೋಗುವಾಗ ನೆನಪಿಡಬಹುದಾದ ಕೆಲವು ಮಾತುಗಳು. ನಾನು ವೈದ್ಯೆಯಲ್ಲ. ಇವು ಓದಿ, ತಪ್ಪು ಮಾಡಿ ಕಲಿತದ್ದು.

1. ಎರಡು ವಾರ ಬರೆದಿಡಿ. ನೋವು ಬಂದ ದಿನ, ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಬಾರದ ದಿನಗಳು ಯಾವುವು. ಒಂದು ಹಾಳೆ ಸಾಕು. ವೈದ್ಯರಿಗೆ ಇದು ಅರ್ಧ ಕೆಲಸ ಉಳಿಸುತ್ತದೆ.

2. ಉತ್ತರ ಮಗು ಕೊಡಲಿ. ತಡವರಿಸಲಿ, ತಪ್ಪು ಹೇಳಲಿ. ನೀವು ಸೇರಿಸಬೇಕಾದದ್ದನ್ನು ಕೊನೆಗೆ ಸೇರಿಸಿ. ಕನ್ನಡದಲ್ಲಿ ಹೇಳಿದರೆ ಸಲೀಸು ಎನ್ನುವ ಮಗುವಾದರೆ ಕನ್ನಡದಲ್ಲೇ ಹೇಳಲಿ, ನೀವು ಅದೇ ಮಾತನ್ನು ಅನುವಾದಿಸಿ. ನಿಮ್ಮ ವ್ಯಾಖ್ಯಾನ ಬೆರೆಸಬೇಡಿ.

3. ನೀವೇ ಕೇಳಿ: "ಡಾಕ್ಟರ್, ಚಿಂತೆಯಿಂದಲೂ ಹೀಗಾಗಬಹುದೇ? ಅವನ ಜೊತೆ ಸ್ವಲ್ಪ ಮಾತಾಡಿ ನೋಡುತ್ತೀರಾ?" ಎಷ್ಟೋ ವೈದ್ಯರು ಈ ಅನುಮತಿಗಾಗಿಯೇ ಕಾಯುತ್ತಿರುತ್ತಾರೆ. ಸ್ವಲ್ಪ ಹೆಚ್ಚು ಸಮಯದ ಅಪಾಯಿಂಟ್‌ಮೆಂಟ್ ಬೇಕು ಎಂದು ರಿಸೆಪ್ಷನ್‌ನಲ್ಲಿ ಮೊದಲೇ ಹೇಳಬಹುದು.

4. ಹೊರಗೆ ಕೂರಲು ಹೇಳಿದರೆ ಬೇಸರ ಪಡಬೇಡಿ. ನರ್ಸ್ ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗೂ ಮಗುವಿಗೂ ಇದೆ. ಕಾರಿನಲ್ಲಿ ವಾಪಸ್ಸು ಬರುವಾಗ "ಏನು ಹೇಳಿದೆ, ಏನು ಹೇಳಿದೆ" ಎಂದು ಅಗೆಯಬೇಡಿ.

5. ಒಂದು ಪ್ರಶ್ನಾವಳಿ ಇದೆ. ಬ್ರಿಟನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, 25 ಸಾಲುಗಳ, ‘ಎಸ್‌ಡಿಕ್ಯೂ’ ಎಂಬ ಹೆಸರಿನದು. ಕನ್ನಡದಲ್ಲೂ ಇದೆ. ಅದನ್ನು ತುಂಬಿ ವೈದ್ಯರಿಗೆ ತೋರಿಸಬಹುದು. ಅದು ರೋಗ ನಿರ್ಧರಿಸುವುದಿಲ್ಲ, ಮಾತು ಶುರುಮಾಡಲು ಸಹಾಯ ಮಾಡುತ್ತದೆ.

6. "ಏನೂ ಇಲ್ಲ" ಎಂಬ ಮಾತನ್ನು ಮನೆಗೆ ತರಬೇಡಿ. "ಹೊಟ್ಟೆಗೆ ರೋಗ ಇಲ್ಲ, ಅದು ಒಳ್ಳೆಯ ಸುದ್ದಿ. ನೋವು ಇದೆ, ಅದನ್ನು ಕಡಿಮೆ ಮಾಡೋಣ" ಎನ್ನಿ.

ದೇಹದ ಕಡೆಯ ಎಚ್ಚರಿಕೆಯನ್ನೂ ಬಿಡಬಾರದು. ತೂಕ ಇಳಿಯುವುದು, ಬೆಳವಣಿಗೆ ನಿಲ್ಲುವುದು, ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳಿನಿಂದ ದೂರ ಒಂದೇ ಜಾಗದಲ್ಲಿ ಬರುವ ನೋವು, ಮಲದಲ್ಲಿ ರಕ್ತ, ಮತ್ತೆ ಮತ್ತೆ ಜ್ವರ ಅಥವಾ ವಾಂತಿ, ಇವಿದ್ದರೆ ಚಿಂತೆಯ ಮಾತು ಆಮೇಲೆ, ಪರೀಕ್ಷೆ ಮೊದಲು. ಮನಸ್ಸಿನ ಕಡೆಯಲ್ಲಿ, ಮಗು ಸಾಯುವ ಮಾತಾಡಿದರೆ, ತನ್ನನ್ನು ತಾನೇ ಗಾಯ ಮಾಡಿಕೊಂಡರೆ, ವಾರಗಟ್ಟಲೆ ಆಟ ಊಟ ಬಿಟ್ಟರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸಾಯುವ ಮಾತು, ಗಾಯ ಎಂದಾದರೆ ಅದೇ ದಿನ ಎಮರ್ಜೆನ್ಸಿಗೆ ಹೋಗಿ.

ಹೆಚ್ಚಿನ ಸಹಾಯ ಬೇಕಾದಾಗ ದುಬೈನಲ್ಲಿ ಬಾಗಿಲುಗಳಿವೆ. 2016ರಲ್ಲಿ ತೆರೆದ ಅಲ್ ಜಲೀಲಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದ ವಿಭಾಗವಿದೆ. ಈ ದೇಶದಲ್ಲಿ 2023ರ 10ನೇ ಸಂಯುಕ್ತ ಕಾನೂನು ಮಾನಸಿಕ ಆರೋಗ್ಯದ ರೋಗಿಗಳ ಹಕ್ಕುಗಳನ್ನೂ ಗೌಪ್ಯತೆಯನ್ನೂ ರಕ್ಷಿಸುತ್ತದೆ. "ಫೈಲಿನಲ್ಲಿ ಬರೆದರೆ ಸ್ಕೂಲಿಗೆ ಗೊತ್ತಾಗುತ್ತಾ" ಎಂಬ ಭಯ ನಮ್ಮಲ್ಲಿ ಬಹಳ. ಒಳಗೇ ಇಟ್ಟುಕೊಳ್ಳಬೇಡಿ, ದಾಖಲೆಯನ್ನು ಯಾರು ನೋಡುತ್ತಾರೆ ಎಂದು ವೈದ್ಯರನ್ನೇ ನೇರವಾಗಿ ಕೇಳಿ. ಇನ್ಶೂರೆನ್ಸ್ ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ, ಸಮಾಲೋಚನೆಯ ಖರ್ಚು ಬರುತ್ತದೆಯೇ ಎಂದೂ ಮೊದಲೇ ವಿಚಾರಿಸಿ. ಊರಿನಲ್ಲಿರುವ ಅಣ್ಣ ತಮ್ಮ, ಅಕ್ಕ ತಂಗಿಯರ ಮಕ್ಕಳಿಗಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರಿಂದ ನಡೆಯುತ್ತಿರುವ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮ ಮನೆಯಲ್ಲಿ ಏನಾಯಿತು? ಆ ದಿನ ರಾತ್ರಿ ಮಗನ ಅಪ್ಪ ಅವನ ಮಂಚದ ತುದಿಯಲ್ಲಿ ಕೂತು, ಕಂಪನಿಯ ಕಥೆಯನ್ನು ಅವನಿಗೆ ಅರ್ಥವಾಗುವಷ್ಟು ಹೇಳಿದರು. "ಕೆಲಸ ಇದೆ. ಹೋದರೆ ಏನು ಮಾಡೋದು ಅಂತ ನಾನೂ ಅಮ್ಮನೂ ಯೋಚನೆ ಮಾಡಿದ್ದೀವಿ. ನಿನಗೆ ಹೇಳದೆ ಒಂದು ಪೆಟ್ಟಿಗೆಯನ್ನೂ ಕಟ್ಟಲ್ಲ." ಊರಿಗೆ ಹೋದ ಗೆಳೆಯನ ಅಮ್ಮನ ನಂಬರು ಹುಡುಕಿ, ಶನಿವಾರ ಸಂಜೆಗೆ ಇಬ್ಬರಿಗೂ ವಿಡಿಯೋ ಕಾಲ್ ಗೊತ್ತುಮಾಡಿದೆವು. ಮುಂದಿನ ಭಾನುವಾರವೂ ಹೊಟ್ಟೆ ನೋಯಿತು. ಅದರ ಮುಂದಿನದಕ್ಕೆ ಸ್ವಲ್ಪ ಕಡಿಮೆ. ಎರಡನೇ ಭೇಟಿಗೆ ಹೋದಾಗ ವೈದ್ಯೆ ಮೊದಲು ಕೇಳಿದ್ದು ಆ ಗೆಳೆಯನ ಬಗ್ಗೆ. ಹೆಸರನ್ನೂ ನೆನಪಿಟ್ಟುಕೊಂಡಿದ್ದರು, ಅಥವಾ ಬರೆದಿಟ್ಟುಕೊಂಡಿದ್ದರು. ಮಗನ ಮುಖ ಅರಳಿತು.

ಈಗಲೂ ಪರೀಕ್ಷೆಯ ಹಿಂದಿನ ದಿನ, ಅಪ್ಪ ಟೂರಿಗೆ ಹೋಗುವ ದಿನ ಅವನ ಕೈ ಹೊಕ್ಕುಳಿನ ಮೇಲೆ ಹೋಗುತ್ತದೆ. ಆಗ ನಾನು ಓಂಕಾಳಿನ ನೀರನ್ನೂ ಕೊಡುತ್ತೇನೆ, ಅಮ್ಮನ ಮಾತು ಏಕೆ ಬಿಡಲಿ. ಜೊತೆಗೆ ಪಕ್ಕದಲ್ಲಿ ಕೂತು ಕೇಳುತ್ತೇನೆ: "ಹೊಟ್ಟೆ ಏನು ಹೇಳ್ತಿದೆ?" ಕೆಲವು ಸಲ ಹೇಳುತ್ತಾನೆ. ಕೆಲವು ಸಲ "ನೀನು ಡಾಕ್ಟರ್ ಥರಾ ಕೇಳ್ಬೇಡಮ್ಮ" ಎನ್ನುತ್ತಾನೆ. ಆಗ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೇನೆ.

ಮುಂದಿನ ತಿಂಗಳು ಸಿಗೋಣ.